ಹಾಡೋರೇ ಇಲ್ಲ, ಬರೀ ಪಿಟೀಲು

"ಅಲ್ಲ ಕಣೋ, ನನ್ನ ಹೆಡ್‌ಫೋನಲ್ಲಿ ಹಾಡೋರೇ ಇಲ್ಲ. ಬರೀ ಪಿಟೀಲು, ಮೃದಂಗ ಕೇಳಿಸ್ತಿದೆ. ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದ್ರೆ ಅದೂ ಇಲ್ಲ, ಪೂರ್ತಿ ನಿಶ್ಶಬ್ದ. ಇದೇನು ಮಾಟವೋ?"

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸರಸ್ವತಿಪುರಂನಿಂದ ನಮ್ಮ ಸೋದರತ್ತೆಯ ಫೋನು. ಅತ್ತೆಗೆ ಈಗ 74. ಹುಡುಗಿಯಾಗಿದ್ದಾಗ ಪಿಟೀಲು ಕಲಿತವರು. ಬೆರಳಿನ ಗಂಟುಗಳು ಹಿಡಿದುಕೊಂಡ ಮೇಲೆ ನುಡಿಸುವುದನ್ನು ಬಿಟ್ಟು ಕೇಳುವುದಕ್ಕೆ ಕೂತವರು. ಮಗ ಹೊರದೇಶದಿಂದ ತಂದುಕೊಟ್ಟ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನೊಂದು ಹತ್ತು ವರ್ಷದಿಂದ ಅವರ ಮಧ್ಯಾಹ್ನಗಳ ಜೊತೆಗಾರ. ಮೊಬೈಲ್ ಅಂಗಡಿಯ ಹುಡುಗ "ಫೋನಿಂದೇ ಪ್ರಾಬ್ಲಮ್ಮು ಅಜ್ಜಿ, ಹೊಸದು ತಗೊಂಡುಬಿಡಿ" ಅಂದನಂತೆ.

"ಫೋನು ಚೆನ್ನಾಗಿದೆ ಅತ್ತೆ. ನಿಮ್ಮ ಹೆಡ್‌ಫೋನ್ ವೈರಲ್ಲಿ ಅರ್ತ್ ಕಡಿದುಹೋಗಿದೆ. ಬಹುಶಃ ಪಿನ್ ಹತ್ತಿರ" ಅಂದೆ.

"ಕಣ್ಣಲ್ಲಿ ನೋಡದೇ ಹೇಗೋ ಹೇಳ್ತೀಯ? ಕವಡೆ ಹಾಕಿ ನೋಡಿದ್ಯಾ?"

ಕವಡೆ ಬೇಕಿಲ್ಲ. ಹೆಡ್‌ಫೋನ್ ಕೆಡುವಾಗ ತನಗೆ ಎಲ್ಲಿ ನೋಯುತ್ತಿದೆ ಎಂದು ತಾನೇ ಹೇಳುತ್ತದೆ. ವೈರ್ ಹೋದ ಹೆಡ್‌ಫೋನನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದಾ, ಹೊಸ ವೈರು ನಾವೇ ಮಾಡಿಕೊಳ್ಳಬಹುದಾ ಎಂದು ಈ ಅಂಕಣದ ಓದುಗರು ಆಗಾಗ ಕೇಳುತ್ತಾರೆ. ಮಾಡಿಕೊಳ್ಳಬಹುದು. ಆದರೆ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವ ಮೊದಲು ಆ ನೋವಿನ ಮಾತು ಅರ್ಥವಾಗಬೇಕು. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಹೆಡ್‌ಫೋನಿನ ಪಿನ್ನನ್ನು ಹತ್ತಿರ ಹಿಡಿದು ನೋಡಿ. ಲೋಹದ ಮೇಲೆ ಎರಡು ಕಪ್ಪು ಗೆರೆ ಕಾಣುತ್ತವೆ. ಅವು ಅಲಂಕಾರವಲ್ಲ, ಪಿನ್ನನ್ನು ಮೂರು ಭಾಗ ಮಾಡುವ ಪ್ಲಾಸ್ಟಿಕ್ ಬೇಲಿಗಳು. ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಅರ್ತಿಗೆ. ಮೂರು ಗೆರೆ ಇದ್ದರೆ ಮೈಕೂ ಇದೆ ಎಂದು ಲೆಕ್ಕ. ಇದು ತೀರಾ ಹಳೆಯ ವಿನ್ಯಾಸ. 19ನೇ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳು ಒಬ್ಬರ ಲೈನನ್ನು ಇನ್ನೊಬ್ಬರಿಗೆ ಚುಚ್ಚಿ ಜೋಡಿಸುತ್ತಿದ್ದ ಕಾಲು ಇಂಚಿನ ಪಿನ್ನೇ ಇದರ ಮುತ್ತಜ್ಜ. ಆ ದಪ್ಪ ಪಿನ್ನು ಇವತ್ತಿಗೂ ಗಿಟಾರಿನಲ್ಲಿ, ಹಾರ್ಮೋನಿಯಂ ಪಕ್ಕದ ಕೀಬೋರ್ಡಿನಲ್ಲಿ ಉಳಿದಿದೆ. ಟ್ರಾನ್ಸಿಸ್ಟರ್ ರೇಡಿಯೋ ಬಂದಾಗ ಅದು 3.5 ಮಿಲಿಮೀಟರಿಗೆ ಇಳಿಯಿತು. 1979ರ ವಾಕ್‌ಮನ್ ಅದನ್ನು ಜಗತ್ತಿನ ಜೇಬಿಗೆಲ್ಲ ಇಳಿಸಿತು.

ಈಗ ಅತ್ತೆಯ ಮಾಟಕ್ಕೆ ಬರೋಣ. ಎಡಗಿವಿಯ ಸ್ಪೀಕರಿಗೆ ಹೋದ ಕರೆಂಟೂ ಬಲಗಿವಿಗೆ ಹೋದ ಕರೆಂಟೂ ವಾಪಸು ಬರುವುದು ಒಂದೇ ದಾರಿಯಲ್ಲಿ, ಅರ್ತ್ ವೈರಿನಲ್ಲಿ. ಅದು ಕಡಿದರೆ ಎರಡೂ ಸ್ಪೀಕರುಗಳು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡಂತೆ ಆಗುತ್ತವೆ. ಒಂದು ತುದಿಯಲ್ಲಿ ಎಡದ ಸದ್ದು, ಇನ್ನೊಂದು ತುದಿಯಲ್ಲಿ ಬಲದ ಸದ್ದು. ಬಾಗಿಲನ್ನು ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ ಸಮಬಲದಲ್ಲಿ ತಳ್ಳಿದರೆ ಬಾಗಿಲು ಅಲುಗುತ್ತದೆಯೇ? ಸ್ಟೀರಿಯೋ ರೆಕಾರ್ಡಿಂಗಿನಲ್ಲಿ ಗಾಯಕರನ್ನು ಸಾಮಾನ್ಯವಾಗಿ ನಟ್ಟನಡುವೆ ಕೂರಿಸುತ್ತಾರೆ, ಅಂದರೆ ಎರಡೂ ಕಡೆಗೆ ಅವರ ದನಿ ಒಂದೇ ಅಳತೆಯಲ್ಲಿ ಹಂಚಿಕೆಯಾಗಿರುತ್ತದೆ. ಸಮಬಲ, ಹಾಗಾಗಿ ದನಿ ಮಾಯ. ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಇರುವುದರಿಂದ ಅವು ಉಳಿದುಕೊಳ್ಳುತ್ತವೆ. ಇನ್ನು ಹಳೆಯ ಸಿನಿಮಾ ಹಾಡುಗಳು ಬಹುಪಾಲು ಮೋನೋ. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಲ್ಲಿ ಗಾಯಕರೊಂದಿಗೆ ಇಡೀ ಆರ್ಕೆಸ್ಟ್ರಾವೇ ಗುಳುಂ. ಅತ್ತೆ ಹೇಳಿದ ಎರಡೂ ಲಕ್ಷಣ ಸೇರಿದರೆ ರೋಗ ಒಂದೇ.

ಬೇರೆ ಲಕ್ಷಣಗಳೂ ಇವೆ. ಒಂದು ಕಿವಿ ಮಾತ್ರ ಸತ್ತಿದ್ದರೆ ಆ ಕಿವಿಯ ಎಳೆ ಹೋಗಿದೆ. ವೈರ್ ಅಲ್ಲಾಡಿಸಿದಾಗ ಬಂದು ಹೋಗಿ ಮಾಡಿದರೆ ತಂತಿ ಕಡಿದಿದೆ, ಆದರೆ ತುದಿಗಳು ಇನ್ನೂ ತಾಗುತ್ತಿವೆ. ಸದ್ದೆಲ್ಲ ಬರುತ್ತಿದೆ, ಆದರೆ ಡೊಳ್ಳಿನ ಗುಡುಗು ಸತ್ತು ಗಾಯಕರು ನಡುವೆ ನಿಲ್ಲದೆ ತಲೆಯ ಹಿಂದೆಲ್ಲೋ ತೇಲುತ್ತಿದ್ದರೆ, ಯಾರೋ ಮೊದಲೇ ರಿಪೇರಿ ಮಾಡಿ ಒಂದು ಕಿವಿಯ ಎರಡು ತಂತಿಗಳನ್ನು ಹಿಂದುಮುಂದು ಮಾಡಿದ್ದಾರೆ ಎಂದರ್ಥ. ಮೈಕ್ ಇರುವ ಇಯರ್‌ಫೋನಿನಲ್ಲಿ ಗಾಯಕರು ಕಾಣೆಯಾದರೆ ಮಾತ್ರ ಆತುರಪಟ್ಟು ಕತ್ತರಿ ಹಾಕಬೇಡಿ. ಮೈಕು, ಅರ್ತುಗಳ ಜಾಗವನ್ನು ಅದಲುಬದಲು ಮಾಡಿದ ಎರಡು ಪದ್ಧತಿಗಳಿವೆ. ಒಂದು ಪದ್ಧತಿಯ ಇಯರ್‌ಫೋನನ್ನು ಇನ್ನೊಂದರ ಫೋನಿಗೆ ಚುಚ್ಚಿದರೂ ಇದೇ ಆಟ. ವೈರಿನ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಿರಿ. ಒತ್ತಿರುವಷ್ಟು ಹೊತ್ತು ಗಾಯಕರು ವಾಪಸು ಬಂದರೆ ವೈರು ಸರಿಯಾಗಿದೆ, ಜೋಡಿ ಸರಿಯಿಲ್ಲ.

ಭಾನುವಾರ ಅತ್ತೆಯ ಮನೆಗೆ ಹೋದೆ. ನನ್ನ ಚೀಲದಲ್ಲಿ ಇದ್ದದ್ದು ಇಷ್ಟು: 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಸುರುಳಿ ಲೆಡ್, ಕತ್ತರಿ, ಬ್ಲೇಡು, ಹೀಟ್ ಶ್ರಿಂಕ್ ಟ್ಯೂಬಿನ ನಾಲ್ಕು ತುಂಡು, ಬೆಂಕಿಪೊಟ್ಟಣ, ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಕೊಂಡಿಟ್ಟ ಲೋಹದ ಪಿನ್ನು, ಮತ್ತೊಂದು ಮಲ್ಟಿಮೀಟರು. ಎಲ್ಲ ಸೇರಿದರೂ ಒಂದು ಸಾಧಾರಣ ಬ್ಲೂಟೂತ್ ಇಯರ್‌ಬಡ್ ಜೋಡಿಯ ಬೆಲೆ ದಾಟುವುದಿಲ್ಲ.

ಮೀಟರನ್ನು ಓಮಿಗೆ ತಿರುಗಿಸಿ ಪಿನ್ನಿನ ತುದಿಗೊಂದು ಕಡ್ಡಿ, ಬುಡಕ್ಕೊಂದು ಕಡ್ಡಿ ಇಟ್ಟೆ. ಏನೂ ಇಲ್ಲ. ಉಂಗುರಕ್ಕೂ ಬುಡಕ್ಕೂ ಇಟ್ಟೆ. ಅಲ್ಲೂ ಇಲ್ಲ. ತುದಿಗೂ ಉಂಗುರಕ್ಕೂ ಇಟ್ಟಾಗ 66 ಓಮ್ ತೋರಿಸಿತು. ಕಿವಿಗೆ ಹಾಕಿಕೊಂಡು ಕೂತಿದ್ದ ಅತ್ತೆ "ಟಿಕ್ ಅಂತು ಕಣೋ!" ಎಂದು ಬೆಚ್ಚಿದರು. ಮೀಟರಿನ ಚಿಟಿಕೆ ಕರೆಂಟೇ ಸ್ಪೀಕರಿನ ಪರದೆಯನ್ನು ಅಲುಗಿಸಿಬಿಡುತ್ತದೆ. ಸಾಮಾನ್ಯ ಹೆಡ್‌ಫೋನಿನ ಒಂದೊಂದು ಸ್ಪೀಕರು 32 ಓಮಿನ ಆಸುಪಾಸು. ಎರಡು ಸೇರಿ ಅರವತ್ತರ ಚಿಲ್ಲರೆ. ಅಂದರೆ ಎರಡೂ ಸ್ಪೀಕರು ಜೀವಂತ, ಎಡದ ಎಳೆ, ಬಲದ ಎಳೆ ಸರಿ, ಅರ್ತ್ ಒಂದೇ ಹೋಗಿದೆ. ಫೋನಿನಲ್ಲಿ ಹೇಳಿದ ಭವಿಷ್ಯ ಫಲಿಸಿತು ಎಂದು ನಾನು ಸ್ವಲ್ಪ ಬೀಗಿದ್ದೂ ಹೌದು. ಆ ಬೀಗುವಿಕೆಗೆ ಸಂಜೆಯೊಳಗೆ ದಂಡ ತೆತ್ತೆ, ಅದು ಆಮೇಲೆ.

ಹತ್ತರಲ್ಲಿ ಏಳೆಂಟು ಸಲ ತಂತಿ ಕಡಿಯುವುದು ಗಟ್ಟಿ ಪಿನ್ನು ಮುಗಿದು ಮೆತ್ತನೆಯ ವೈರು ಶುರುವಾಗುವ ಕುತ್ತಿಗೆಯಲ್ಲಿ. ಇದು ನನ್ನ ಮೇಜಿನ ಲೆಕ್ಕ. ತಾಮ್ರಕ್ಕೆ ಒಂದು ಗುಣವಿದೆ: ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಅಲ್ಲಿ ಗಡುಸಾಗುತ್ತಾ ಹೋಗಿ ಕೊನೆಗೆ ಲಟಕ್ಕನೆ ಮುರಿಯುತ್ತದೆ. ಫೋನ್ ಜೇಬಿಗೆ ಹಾಕಿ ಕೂತೆದ್ದಾಗಲೆಲ್ಲ ಆ ಕುತ್ತಿಗೆ ಬಗ್ಗುತ್ತದೆ. ಹೊರಗಿನ ರಬ್ಬರಿಗೆ ಏನೂ ಆಗಿರುವುದಿಲ್ಲ. ಒಳಗೆ ತಂತಿ ಎರಡು ತುಂಡು. ಕಂಪನಿಯ ಪಿನ್ನನ್ನು ಬಿಚ್ಚಲು ಬರುವುದಿಲ್ಲ, ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಹಾಗಾಗಿ ಪಿನ್ನಿನಿಂದ ಎರಡು ಇಂಚು ಮೇಲಕ್ಕೆ ಕತ್ತರಿಸಿ ಬಿಸಾಡುವುದೇ ಮೊದಲ ಕೆಲಸ. ಧೈರ್ಯ ಬೇಕಾಗುವುದು ಇಲ್ಲೇ. ಕತ್ತರಿ ಕಚ್ ಅಂದಾಗ ಅತ್ತೆ ಮುಖ ಆಚೆ ತಿರುಗಿಸಿದರು.

ಮೇಲಿನ ಸಿಪ್ಪೆ ಸುಲಿದರೆ ಒಳಗೆ ಕೂದಲಿನಷ್ಟು ತೆಳುವಾದ ಎಳೆಗಳ ಮೂರು ಗೊಂಚಲು. ಒಂದು ಕೆಂಪು, ಒಂದು ಹಸಿರು, ಒಂದು ತಾಮ್ರದ್ದೇ ಬಣ್ಣ. ಜೊತೆಗೆ ಹೊಲಿಗೆ ದಾರದಂಥ ಬಿಳಿಯ ನೂಲು. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಇಲ್ಲವೇ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಅರ್ತ್. ಹೊಸಬರು ಮುಗ್ಗರಿಸುವ ಜಾಗವೂ ಇದೇ. ನಾನು ಮೊದಲ ಸಲ ಇದಕ್ಕೆ ಕೈಹಾಕಿದಾಗ ಒಂದು ಗಂಟೆ ಲೆಡ್ ಕರಗಿಸಿದೆ. ಕೆಸುವಿನ ಎಲೆ ಮೇಲಿನ ನೀರಿನಂತೆ ಅದು ಉರುಳಿ ಬೀಳುತ್ತಿತ್ತೇ ಹೊರತು ತಂತಿಗೆ ಹತ್ತಲೊಲ್ಲದು. ಐರನ್ ಸರಿಯಿಲ್ಲ ಎಂದು ಬೈದುಕೊಂಡು ಎತ್ತಿಟ್ಟೆ. ಆ ಕೆಂಪು, ಹಸಿರು ಬರೀ ಗುರುತಿನ ಬಣ್ಣವಲ್ಲ, ಅದೇ ಇನ್ಸುಲೇಷನ್ನು ಎಂದು ಗೊತ್ತಾಗಿದ್ದು ಆಮೇಲೆ. ಪಂಪ್‌ಸೆಟ್ಟಿನ ಮೋಟರು ಸುಟ್ಟಾಗ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತುತ್ತಾರಲ್ಲ, ಆ ವೈಂಡಿಂಗ್ ವೈರಿನ ಹಾಗೆ ಇಲ್ಲೂ ಪ್ರತಿ ಎಳೆಗೂ ತೆಳ್ಳನೆಯ ಅರಗಿನ ಅಂಗಿ. ತಾಮ್ರದ ಬಣ್ಣದ ಗೊಂಚಲಿಗೂ ಹೆಚ್ಚಿನಂಶ ಬಣ್ಣವಿಲ್ಲದ ಅಂಗಿ ಇರುತ್ತದೆ. ಆ ಅಂಗಿ ಸುಡದೆ ಬೆಸುಗೆ ಕೂರುವುದಿಲ್ಲ. ಎರಡು ಉಪಾಯ: ಕಡ್ಡಿ ಗೀರಿ ತುದಿಯನ್ನು ಒಂದೇ ಕ್ಷಣ ಉರಿಗೆ ಹಿಡಿದು ಮಸಿ ಒರೆಸುವುದು, ಇಲ್ಲವೇ ಐರನ್ನಿನ ಮೂತಿಯಲ್ಲಿ ಲೆಡ್ಡಿನ ಒಂದು ಹನಿ ಕರಗಿಸಿಕೊಂಡು ತಂತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುವುದು. ಎರಡನೆಯದೇ ಮೇಲು. ಮೂರ್ನಾಲ್ಕು ಸೆಕೆಂಡು ಏನೂ ಆಗದು, ಆಮೇಲೆ ಸಣ್ಣಗೆ ಹೊಗೆಯೆದ್ದು ಬಣ್ಣ ಹಿಂದೆ ಸರಿಯುತ್ತದೆ, ತಂತಿ ಫಳಕ್ಕನೆ ಬೆಳ್ಳಗಾಗುತ್ತದೆ.

ಆ ಬೆಳ್ಳಗಾಗುವ ಗಳಿಗೆ ನೋಡಿ ಅತ್ತೆ "ಇದು ಕಲಾಯಿ ಹಾಕಿದ ಹಾಗಿದೆ" ಅಂದರು. ಹಾಗಿರುವುದೇನು, ಕಲಾಯಿಯೇ. ಬೀದಿಯ ಮೂಲೆಯಲ್ಲಿ ತಿದಿ ಒತ್ತುತ್ತ ಕೂರುತ್ತಿದ್ದ ಕಲಾಯಿಯವರು ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಘಾಟು ಹೊಗೆಯ ನಡುವೆ ತವರದ ಕಡ್ಡಿ ತಾಗಿಸಿ ಅರಳೆಯಿಂದ ಸವರುತ್ತಿದ್ದರು. ನವಸಾಗರ ಲೋಹದ ಮೇಲಿನ ಕಿಲುಬು ತಿಂದು ತವರಕ್ಕೆ ಜಾಗ ಮಾಡಿಕೊಡುತ್ತಿತ್ತು. ಇಲ್ಲಿ ಆ ಕೆಲಸ ಮಾಡುವುದು ಲೆಡ್ ತಂತಿಯ ಹೊಟ್ಟೆಯೊಳಗೆ ತುಂಬಿರುವ ರೋಸಿನ್, ಅಂದರೆ ಪೈನ್ ಮರದ ರಾಳ. ಅತ್ತೆ ಪಿಟೀಲಿನ ಕಮಾನಿಗೆ ತೀಡುತ್ತಿದ್ದ ರೋಸಿನ್ನೂ ಅದೇ ಕುಲದ್ದು. ಹೊಗೆ ಮೂಗಿಗೆ ಬಡಿದದ್ದೇ ಅವರು "ಹೌದಲ್ಲೋ, ಪಿಟೀಲಿನ ಪೆಟ್ಟಿಗೆ ತೆಗೆದ ಹಾಗಾಯ್ತು" ಎಂದು ಕಣ್ಣರಳಿಸಿದರು. ಹೊಗೆ ಹಿತವೆನಿಸಿದರೂ ಕುಡಿಯಬಾರದು. ಕಿಟಕಿ ತೆರೆದಿರಲಿ. ನಾವು ಲೆಡ್ ಎಂದು ಕರೆಯುವ 60-40ರ ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕೋಡುಬಳೆಗೆ ಕೈ ಹಾಕಬೇಡಿ. ಮನೆಯಲ್ಲಿ ಮಗುವಿದ್ದರೆ ನೆಲಕ್ಕೆ ಬಿದ್ದ ಲೆಡ್ಡಿನ ಚೂರುಗಳನ್ನು ಆಯ್ದು ತೆಗೆಯಬೇಕು.

ಇನ್ನು ಬೆಸುಗೆ. ಲೆಡ್ ಕರಗಲು 190 ಡಿಗ್ರಿ ಸಾಕು, ಐರನ್ನಿನ ಮೂತಿ ಮಾತ್ರ 300 ದಾಟಿರುತ್ತದೆ. ಹೊತ್ತು ಮೀರಿ ಒತ್ತಿ ಹಿಡಿದರೆ ಪಿನ್ನಿನ ಮೂರು ಭಾಗಗಳ ನಡುವಿನ ಪ್ಲಾಸ್ಟಿಕ್ ಕರಗಿ ತುದಿ ವಾಲುತ್ತದೆ. ಒಂದು ಹಳೆಯ ರೇಡಿಯೋದ ಸಾಕೆಟ್ ಸಿಕ್ಕರೆ ಪಿನ್ನನ್ನು ಅದಕ್ಕೆ ಚುಚ್ಚಿಕೊಂಡು ಬೆಸುಗೆ ಹಾಕಿ, ಕರಗಿದರೂ ಓರೆಯಾಗದು. ಪಿನ್ನಿನ ಹಿಂಬದಿಯ ಕಿವಿಗಳಿಗೂ ಮೊದಲೇ ಲೆಡ್ ಬಳಿದಿಟ್ಟುಕೊಂಡರೆ ತಂತಿ ತಾಗಿಸಿದ ಎರಡು ಸೆಕೆಂಡಿನಲ್ಲಿ ಕೆಲಸ ಆಗುತ್ತದೆ. ಆ ಬಿಳಿ ನೂಲನ್ನು ಕತ್ತರಿಸಿ ಎಸೆಯಬೇಡಿ. ತಂತಿಗಿಂತ ಒಂದು ಕೂದಲೆಳೆ ಗಿಡ್ಡವಾಗಿ ಪಿನ್ನಿನ ಬುಡಕ್ಕೆ ಸುತ್ತಿ ಗಂಟು ಹಾಕಿದರೆ ಎಳೆತವೆಲ್ಲ ನೂಲಿನ ಮೇಲೆ ಬೀಳುತ್ತದೆ, ಬೆಸುಗೆ ಆರಾಮಾಗಿರುತ್ತದೆ.

ಎಲ್ಲ ಮುಗಿಸಿ, ಉಫ್ ಎಂದು ಊದಿ, ಚೆಂದ ಬಂತು ಎಂದು ಎತ್ತಿ ಹಿಡಿದೆ. ಪಿನ್ನಿನ ಮೇಲ್ಮುಚ್ಚಳ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಅದನ್ನೂ ಹೀಟ್ ಶ್ರಿಂಕ್ ಟ್ಯೂಬನ್ನೂ ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಕೊಂಡಿರಬೇಕು. ಇನ್ನೊಂದು ತುದಿಯಲ್ಲಿ ಹೆಡ್‌ಫೋನೇ ಇರುವಾಗ ಆಮೇಲೆ ತೂರಿಸಲು ದಾರಿಯಿಲ್ಲ. ಸೋಲ್ಡರಿಂಗ್ ಕಲಿತ ಪ್ರತಿಯೊಬ್ಬರೂ ಇದನ್ನು ಮರೆತಿದ್ದಾರೆ, ಮತ್ತೆ ಮರೆಯುತ್ತಾರೆ. ಬಿಚ್ಚಿ, ಪೋಣಿಸಿ, ಎರಡನೇ ಸಲ ಕೂತೆ. ಅಷ್ಟರಲ್ಲಿ ಅತ್ತೆ ಕಾಫಿ ತಂದಿಟ್ಟು ಹೋದರು, ಅದು ಆರಿತು.

ಈ ಕೆಲಸ ಮನೆಯದಲ್ಲ, ಕಾರ್ಖಾನೆಯದು ಎಂದು ಹೆದರುವವರಿಗೆ ಒಂದು ಮಾತು. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ಅಲ್ಲಿನ ನೌಕಾಪಡೆಗೆ ಕಳಿಸಿದ ಹೆಡ್‌ಫೋನುಗಳನ್ನು ಮಾಡಿದ್ದು ತಮ್ಮ ಮನೆಯ ಅಡುಗೆಮನೆಯಲ್ಲಿ. ನೌಕಾಪಡೆ ಹೆಚ್ಚು ಕೇಳಿದಾಗ ಒಂದು ಸಲಕ್ಕೆ ಹತ್ತಕ್ಕಿಂತ ಆಗದು ಅಂದರಂತೆ. ನಮ್ಮ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ರೇಡಿಯೋ ಕೇಂದ್ರವನ್ನೇ ಮನೆಯಲ್ಲಿ ಶುರುಮಾಡಿದರು, 'ಆಕಾಶವಾಣಿ' ಎಂಬ ಹೆಸರೂ ಅಲ್ಲಿಂದಲೇ ದೇಶಕ್ಕೆ ಹೋಯಿತು. ಅವರ ಮುಂದೆ ನಮ್ಮದು ಮೂರು ಎಳೆಯ ಬೆಸುಗೆ.

ಹೊಸ ವೈರನ್ನೇ ಪೂರ್ತಿ ಮಾಡಿಕೊಳ್ಳುವುದು ರಿಪೇರಿಗಿಂತ ಸುಲಭ, ನಂಬಿ. ಹೆಡ್‌ಫೋನಿನ ಬಟ್ಟಲಿನಲ್ಲೇ ಸಾಕೆಟ್ ಇದ್ದು ವೈರು ಕಳಚಿ ಬರುವ ಮಾದರಿಗಳಿವೆ. ಕಿವಿಯೊಳಗೆ ಕೂರುವ ಇಯರ್‌ಫೋನುಗಳಲ್ಲೂ 0.78 ಮಿಲಿಮೀಟರಿನ ಎರಡು ಕಡ್ಡಿಯ ಪಿನ್ನು, ಎಂಎಂಸಿಎಕ್ಸ್ ಎಂಬ ಗುಂಡು ಪಿನ್ನು ಈಗ ಸಾಮಾನ್ಯ. ಇವಕ್ಕೆ ವೈರ್ ಮಾಡಲು ಮೆತ್ತನೆಯ ನಾಲ್ಕು ಎಳೆ ತೆಗೆದುಕೊಂಡು ನಾಲ್ಕು ಕಾಲಿನ ಜಡೆ ಹೆಣೆಯಬೇಕು. ಹೆಣೆದಾಗ ಉದ್ದ ಕುಗ್ಗುತ್ತದೆ, ಬೇಕಾದದ್ದಕ್ಕಿಂತ ಕಾಲುಭಾಗ ಜಾಸ್ತಿ ಕತ್ತರಿಸಿಟ್ಟುಕೊಳ್ಳಿ. ನನ್ನ ಜಡೆ ಮೊದಲ ಅರ್ಧ ಅಡಿ ಬಿಗಿ, ಆಮೇಲೆ ಸಡಿಲ. ಜಡೆ ಹಾಕಿ ಕೈ ಪಳಗಿದ ಹೆಂಡತಿ ಕೂತು ಹೆಣೆದ ವೈರನ್ನೇ ನಾನು ಈಗಲೂ ಬಳಸುವುದು. ಮೈಕಿಗೆ ಬಳಸುವ ದಪ್ಪ ಗಡುಸು ವೈರು ಗಟ್ಟಿಮುಟ್ಟು ನಿಜ, ಆದರೆ ಅಂಗಿಗೆ ಉಜ್ಜಿದ ಸದ್ದನ್ನೆಲ್ಲ ಗರಗರ ಎಂದು ಕಿವಿಗೆ ತಂದು ಸುರಿಯುತ್ತದೆ.

ವೈರ್ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಬೆಳ್ಳಿ ತಂತಿಯ ಮಾತಿಗೆ ಬಂದು ನಿಲ್ಲುತ್ತಾರೆ. ಬೆಳ್ಳಿಯ ವೈರಿನಲ್ಲಿ ಹಾಡು ಹೊಳೆಯುತ್ತದಂತೆ, ತಾಮ್ರದಲ್ಲಿ ಬೆಚ್ಚಗಿರುತ್ತದಂತೆ. ಲೆಕ್ಕ ಹಾಕಿ ನೋಡೋಣ. 26 ಗೇಜಿನ ತಾಮ್ರದ ತಂತಿ ಒಂದೂವರೆ ಮೀಟರು ಹೋಗಿ ಬರಲು ಒಡ್ಡುವ ತಡೆ ಸುಮಾರು 0.4 ಓಮ್. ಎದುರಿಗೆ ಸ್ಪೀಕರು 32 ಓಮ್. ಇದರಿಂದ ಸದ್ದು ಇಳಿಯುವುದು ಒಂದು ಡೆಸಿಬಲ್ಲಿನ ಹತ್ತನೇ ಒಂದು ಪಾಲು. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಆರರಷ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ, ಅಂದರೆ ಆ 0.4 ಎಂಬುದು 0.38ಕ್ಕೆ ಇಳಿದೀತು. ಇದನ್ನು ಕೇಳಬಲ್ಲ ಕಿವಿ ನನಗಂತೂ ಇಲ್ಲ. ಬೆಳ್ಳಿ ಕೊಳ್ಳುವ ಮನಸ್ಸಾದರೆ ಅಕ್ಕಸಾಲಿಗರ ಅಂಗಡಿಗೆ ಹೋಗಿ, ಕಾಲುಂಗುರಕ್ಕಾದರೂ ಆದೀತು. ಒಂದೊಂದು ಕಿವಿಯಲ್ಲಿ ನಾಲ್ಕೈದು ಪುಟ್ಟ ಸ್ಪೀಕರು ತುಂಬಿದ, ಓಮು ಬಹಳ ಕಡಿಮೆಯಿರುವ ಇಯರ್‌ಫೋನಿನಲ್ಲಿ ವೈರಿನ ತಡೆ ಸ್ವಲ್ಪ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ. ಅಲ್ಲೂ ಮದ್ದು ಬೆಳ್ಳಿಯಲ್ಲ, ಇನ್ನೊಂದಿಷ್ಟು ದಪ್ಪ ತಾಮ್ರ.

ಎಲ್ಲವನ್ನೂ ರಿಪೇರಿ ಮಾಡಬೇಕೆಂಬ ವ್ರತವೂ ನನಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ನೂರು ರೂಪಾಯಿಯ ಇಯರ್‌ಫೋನಿಗೆ ಒಂದು ಮಧ್ಯಾಹ್ನ ಸುರಿಯುವುದು ಕೈ ಪಳಗಿಸಿಕೊಳ್ಳಲು ಮಾತ್ರ ಸರಿ. ನಿಜ ಹೇಳಬೇಕೆಂದರೆ ಮೊದಲು ಅಂಥದ್ದರ ಮೇಲೇ ಕೈ ಪಳಗಿಸಬೇಕು, ಸೋದರತ್ತೆಯದರ ಮೇಲಲ್ಲ. ವೈರೇ ಇಲ್ಲದ ಇಯರ್‌ಬಡ್ಡುಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಅಂಟು ಹಾಕಿ ಮುಚ್ಚಿದ ಡಬ್ಬಿಯೊಳಗೆ ಕಡಲೆಕಾಳಿನಷ್ಟು ಬ್ಯಾಟರಿ, ಅದು ಸತ್ತ ದಿನ ಇಡೀ ವಸ್ತುವೇ ಕಸ. ದೊಡ್ಡ ಹೆಡ್‌ಫೋನಿನ ಕಥೆ ಬೇರೆ. ಅದರ ಸ್ಪೀಕರುಗಳು ದಶಕಗಟ್ಟಲೆ ಬಾಳುತ್ತವೆ. 1988ರಿಂದ ಮಾರಾಟದಲ್ಲಿರುವ ಸೆನ್‌ಹೈಸರ್ ಎಚ್‌ಡಿ 25ನ್ನು ಸ್ಟುಡಿಯೋದವರು ಇವತ್ತಿಗೂ ಮೆಚ್ಚುವುದು ಅದರ ವೈರಿನಿಂದ ಹಿಡಿದು ಪ್ರತಿ ಭಾಗವನ್ನೂ ಕಳಚಿ ಬದಲಿಸಬಹುದು ಎಂಬ ಕಾರಣಕ್ಕೂ ಹೌದು.

ಅತ್ತೆಯ ಪಿನ್ನಿಗೆ ಮುಚ್ಚಳ ತಿರುಗಿಸಿ, ಟ್ಯೂಬಿಗೆ ಬೆಂಕಿಕಡ್ಡಿಯ ಬಿಸಿ ತೋರಿಸಿ ಬಿಗಿಮಾಡಿ, ಕೊನೆಯ ಸಲ ಮೀಟರಿಟ್ಟೆ. ತುದಿ–ಬುಡ 33, ಉಂಗುರ–ಬುಡ 33. ಎಲ್ಲೂ ಷಾರ್ಟ್ ಇಲ್ಲ. ಮೊದಲು ಪಿ.ಬಿ. ಶ್ರೀನಿವಾಸ್ ಹಾಕಿದೆವು. ಅತ್ತೆ ಕಣ್ಣು ಮುಚ್ಚಿ ತಲೆದೂಗಿದರು. ನಾನು ಆರಿದ ಕಾಫಿಯನ್ನೇ ಗೆದ್ದವನ ಗತ್ತಿನಲ್ಲಿ ಕುಡಿದೆ. ಆಮೇಲೆ ಅವರು ತಮ್ಮ ಇಷ್ಟದ ಒಂದು ಕಚೇರಿಯ ರೆಕಾರ್ಡಿಂಗ್ ಹಾಕಿಕೊಂಡರು. ಎರಡು ನಿಮಿಷವೂ ಆಗಿರಲಿಲ್ಲ, ಹುಬ್ಬು ಗಂಟಿಕ್ಕಿತು.

"ಪಿಟೀಲಿನೋರು ಎಡಗಡೆ ಕೂತಿದ್ದಾರಲ್ಲೋ. ನಾವು ಎದುರಿಗೆ ಕೂತಾಗ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು ತಾನೆ? ಮಧ್ಯದಲ್ಲಿ ಎದ್ದು ಜಾಗ ಬದಲಾಯಿಸಿದ್ರಾ?"

ಕೆಂಪು, ಹಸಿರು ಅದಲುಬದಲಾಗಿದ್ದವು. ಪಿನ್ನಿನ ಹಿಂಬದಿಯ ಎರಡು ಪುಟ್ಟ ಕಿವಿಗಳಲ್ಲಿ ಯಾವುದು ತುದಿಯದು, ಯಾವುದು ಉಂಗುರದ್ದು ಎಂದು ಮೀಟರಿಟ್ಟು ಖಾತ್ರಿಮಾಡಿಕೊಳ್ಳದೆ ಅಂದಾಜಿನಲ್ಲಿ ಬೆಸೆದಿದ್ದೆ. ಎರಡೂ ಕಡೆ 33 ತೋರಿಸುವ ಮೀಟರು ಇದನ್ನು ಹೇಗೆ ಹೇಳೀತು? ಐರನ್ ಮತ್ತೆ ಪ್ಲಗ್ಗಿಗೆ ಹಾಕಲು ಎದ್ದೆ.

"ಕೂತ್ಕೊಳೋ ಸಾಕು" ಎಂದರು ಅತ್ತೆ. ಹೆಡ್‌ಫೋನನ್ನು ತಲೆಯಿಂದ ತೆಗೆದು, ಹಿಂದುಮುಂದು ತಿರುಗಿಸಿ ಹಾಕಿಕೊಂಡರು. ಎಡಗಡೆ ಇಳಿಯಬೇಕಾದ ವೈರು ಅಂದಿನಿಂದ ಬಲಗಡೆ ಇಳಿಯುತ್ತಿದೆ.